ಚಾಲುಕ್ಯೋತ್ತರ ಕಾಲದ ನಗೆ-ಧಾರಾವಾಹಿ ವೀಕ್ಷಣೆ: ಮಲಪ್ರಭೆಯ ದಂಡೆಯಿಂದ ಒಂದು ಘನ ಪ್ರಬಂಧ

ಬಾದಾಮಿ ಚಾಲುಕ್ಯರ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಪುಲಿಕೇಶಿಯ ಸೈನ್ಯ, ಮಂಗಲೇಶನ ದಾನ, ಭೂತನಾಥ ಗುಡಿಯ ಶಿಖರ, ಒಂದೊಂದಕ್ಕೂ ಒಂದೊಂದು ಪಿಎಚ್‌ಡಿ ಸಂದಿದೆ. ಆದರೆ ಅದೇ ಊರಿನಲ್ಲಿ ಮಧ್ಯಾಹ್ನದ ರೊಟ್ಟಿ ಮುಗಿಸಿ, ಹೊರಸಿನ ಮೇಲೆ ಒಂದು ಕಾಲು ಮಡಚಿ ಕೂತು, ಹಳೆಯ ‘ಸಿಲ್ಲಿ ಲಲ್ಲಿ’ ನೋಡುತ್ತ ಹೊಟ್ಟೆ ಹಿಡಿದು ನಗುವ ಮುತ್ಯಾನ ಮೇಲೆ ವಿದ್ವಾಂಸರು ಒಂದು ಅಡಿಟಿಪ್ಪಣಿಯನ್ನೂ ಖರ್ಚು ಮಾಡಿಲ್ಲ. ಆ ಕೊರತೆ ತುಂಬಲು ಈ ಪ್ರಬಂಧ. ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ (ಕ್ರಿ.ಶ. 634) ರವಿಕೀರ್ತಿ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮವೆಂದು ತಾನೇ ಹೇಳಿಕೊಂಡ. ನಾನು ಅಷ್ಟು ದೂರ ಹೋಗುವವನಲ್ಲ. ಐಹೊಳೆಯಿಂದ ಅಮೀನಗಡದವರೆಗೆ ಹೆಸರಾದರೆ ಸಾಕು, ಅಲ್ಲಿ ಕರದಂಟಾದರೂ ಸಿಗುತ್ತದೆ.

ಕಾಲವಿಭಜನೆ ಇಲ್ಲದ ಪ್ರಬಂಧಕ್ಕೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲವಾದ್ದರಿಂದ ಮೊದಲು ಅದನ್ನು ಮುಗಿಸೋಣ. ಮೊದಲನೆಯದು ಜಾಲರಿ ಯುಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಚಿತ್ರ ಸುರಿಸಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ನಾವೆಲ್ಲ ವಿಜಾಪುರದವರೇ. ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ ದೊಡ್ಡ ಬುಟ್ಟಿ ಆಕಾಶಕ್ಕೆ ಮುಖ ಮಾಡಿ ನಿಂತಿತು, ಕೆಳಗೆ ಊರಿಗೆ ಊರೇ ಕೂತಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಟಿವಿ ನೋಡುವುದರಲ್ಲಿ ರಾಜಧಾನಿಗಿಂತ ಈ ಸೀಮೆಯ ಹಳ್ಳಿಗಳು ಹಿರಿಯವು ಎಂಬ ಈ ಸಂಗತಿಯನ್ನು ಬೆಂಗಳೂರಿನ ಬೀಗರ ಮುಂದೆ ಬೇಕಾದಾಗ ಬಳಸಿಕೊಳ್ಳಬಹುದು.

ಅಂದಿನ ಕಾರ್ಯಕ್ರಮಗಳಲ್ಲಿ ಬಿತ್ತನೆ, ಆರೋಗ್ಯ, ಸಣ್ಣ ಕುಟುಂಬದ ಉಪದೇಶಗಳೇ ಹೆಚ್ಚು. ನಗಿಸುವುದು ಸರ್ಕಾರದ ಉದ್ದೇಶವಾಗಿರಲಿಲ್ಲ. ಆದರೂ ಅಂದು ಚಡ್ಡಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತವರೇ ಇಂದಿನ ಮುತ್ಯಾಗಳು. ಟಿವಿ ಎಂದರೆ ಓಣಿಗೆಲ್ಲ ಕೇಳಬೇಕಾದ ವಸ್ತು ಎಂಬ ನಂಬಿಕೆ ಅವರಿಗೆ ಅಲ್ಲಿಂದಲೇ ಬಂತು. ಸೊಸೆ ಸೌಂಡು ಕಡಿಮೆ ಮಾಡಿದರೆ ಅವರಿಗಾಗುವ ಸಂಕಟ ಕಿವಿಯದಲ್ಲ, ಸಾಮಾಜಿಕ ಸಂಕಟ. ವರ್ಷ ತುಂಬುತ್ತಲೇ ಉಪಗ್ರಹವನ್ನು ಬೇರೆಡೆಗೆ ಸರಿಸಿದರು, ಅಂಧಕಾರ ಯುಗ ಕವಿಯಿತು. ಆಮೇಲೆ ಆಂಟೆನಾ ಯುಗ, ಉದಯ (1994) ಮತ್ತು ಈಟಿವಿ ಕನ್ನಡ (2000) ವಾಹಿನಿಗಳ ಕೇಬಲ್ ಯುಗ, ಈಗಿನದು ಮೊಮ್ಮಗನ ಮೊಬೈಲ್ ಯುಗ. ಇಷ್ಟು ಸಾಕು.

ಇನ್ನು ಶಿಲ್ಪ ಸಾಕ್ಷ್ಯ. ಬಾದಾಮಿಯ ಮೂರನೆಯ ಗುಹೆಯಲ್ಲಿ (ಕ್ರಿ.ಶ. 578) ವಿಷ್ಣು ಆದಿಶೇಷನ ಸುರುಳಿಯ ಮೇಲೆ ಆರಾಮಾಗಿ ಕುಳಿತಿದ್ದಾನೆ. ಇದು ಸೋಫಾದ ಆದಿರೂಪ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅಲ್ಲೇ ಕಾಲನ್ನು ಆಕಾಶಕ್ಕೆ ಎತ್ತಿದ ತ್ರಿವಿಕ್ರಮನಿದ್ದಾನೆ. 1980ರ ದಶಕದಲ್ಲಿ ಮಾಳಿಗೆ ಹತ್ತಿ ಆಂಟೆನಾ ತಿರುವಿದ ಯಾರೇ ಆದರೂ ಆ ಭಂಗಿಯನ್ನು ಕೂಡಲೇ ಗುರುತಿಸುತ್ತಾರೆ. ಕೆಳಗೆ ಅಂಗಳದಲ್ಲೊಬ್ಬ, ಪಡಸಾಲೆಯಲ್ಲೊಬ್ಬ, “ಬಂತು, ಬಂತು... ಹೋತು!” ಅಂತ ಒದರುತ್ತಿದ್ದರು. ‘ಯೇ ಜೋ ಹೈ ಜಿಂದಗಿ’ಯಲ್ಲಿ (1984) ಸತೀಶ್ ಶಾ ಕಂತಿಗೊಂದು ವೇಷದಲ್ಲಿ ಬರುತ್ತಿದ್ದ. ಸಿಗ್ನಲ್ಲಿನ ದೆಸೆಯಿಂದ ನಮ್ಮಲ್ಲಿ ಒಂದೇ ಕಂತಿನಲ್ಲಿ ಅವನಿಗೆ ನಾಲ್ಕು ರೂಪ, ಮೂರು ನೆರಳು. ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈಗಳು, ಒಂದರಲ್ಲೂ ರಿಮೋಟು ಇಲ್ಲ. ಮನೆಯಲ್ಲಿ ಸೊಸೆ ಇದ್ದಿರಬೇಕು ಎಂದು ಊಹಿಸಬಹುದು.

ಗುಹೆಗಳ ಜಗಲಿಯ ಕೆಳಗಿನ ಗಣಗಳ ಸಾಲನ್ನು ಮಾತ್ರ ನಾನು ತಮಾಷೆಗೆ ತಳ್ಳಿಹಾಕಲಾರೆ. ಡೊಳ್ಳುಹೊಟ್ಟೆಯ ಕುಳ್ಳರು, ಒಬ್ಬ ಕುಣಿಯುತ್ತಾನೆ, ಒಬ್ಬ ಬಾರಿಸುತ್ತಾನೆ. ಮೇಲೆ ದೇವರು ಲೋಕ ಉದ್ಧಾರದಲ್ಲಿ ತೊಡಗಿರುವಾಗ ಕೆಳಗೆ ಇವರ ಮಸ್ಕಿರಿ ಸಾವಿರದ ನಾನೂರು ವರ್ಷಗಳಿಂದ ನಡೆದಿದೆ. ಪ್ರತಿ ಸಲವೂ ಅದೇ ಕುಣಿತ, ಅದೇ ಹೊಟ್ಟೆ. ಮರುಪ್ರಸಾರವೆಂದು ಯಾರೂ ದೂರು ಕೊಟ್ಟಿಲ್ಲ.

ಭಾಷೆಯ ವಿಷಯದಲ್ಲಿ ಈ ಭಾಗದ ವೀಕ್ಷಕರಿಗೆ ವಿಶೇಷ ಅಧಿಕಾರವಿದೆ. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಇಟ್ಟಿತು. ಕಿಸುವೊಳಲೆಂದರೆ ಬಾದಾಮಿ ತಾಲೂಕಿನ ಪಟ್ಟದಕಲ್ಲು. ಹೀಗೆ ತಿರುಳಿನ ಮೇಲೇ ಕೂತು ಬೆಂಗಳೂರಿನ ಧಾರಾವಾಹಿ ನೋಡುವವರ ಕಣ್ಣಿಗೆ ಒಂದು ವಿಚಿತ್ರ ಬೀಳುತ್ತದೆ: ನಗೆ ಬೇಕಾದಾಗೆಲ್ಲ ಅಲ್ಲೊಬ್ಬ ‘ಏನ್ರೀ’, ‘ಹೌದ್ರೀ’ ಎನ್ನುವ ಪಾತ್ರ ಬರುತ್ತದೆ. ಕಾವಲುಗಾರ, ಅಡುಗೆಯವ, ಇಲ್ಲವೇ ಊರಿಂದ ಬಂದ ಮಾವ. ಕನ್ನಡದ ತಿರುಳು ಸಿಪ್ಪೆಯ ಮನೆಯಲ್ಲಿ ಗೇಟು ಕಾಯುತ್ತಿದೆ. ಇಲ್ಲಿನ ಹಿರಿಯರು ಆ ಪಾತ್ರಕ್ಕೆ ನಗುವುದಿಲ್ಲ. ಅವನ ‘ರೀ’ ತಪ್ಪು ಜಾಗದಲ್ಲಿ ಬಿದ್ದದ್ದಕ್ಕೆ ನಗುತ್ತಾರೆ. “ಇಂವ ನಮ್ಮಾಂವಲ್ಲ ಬಿಡು, ಬಾಡಿಗಿ ತಂದಾರ,” ಎಂಬ ತೀರ್ಪು ಬಂದಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ಈಗ ಮುಖ್ಯ ಸಿದ್ಧಾಂತ. ನೋಡಿದ ಕಂತನ್ನೇ ಮತ್ತೆ ಮತ್ತೆ ನೋಡುವುದನ್ನು ಮಕ್ಕಳು ಮರೆವಿನ ಲಕ್ಷಣವೆಂದು ತಿಳಿದು ಡಾಕ್ಟರ ಹತ್ತಿರ ಕರೆದೊಯ್ಯುವ ಮಾತಾಡುತ್ತಾರೆ. ಇದು ಅಪಚಾರ. ಮರೆತವನು ನಟನಿಗಿಂತ ಮೊದಲು ಸಂಭಾಷಣೆ ಹೇಳುವುದು ಹೇಗೆ? ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠ್ಠಲ್‌ರಾವ್ ಬಾಯಿ ತೆರೆಯುವ ಮೊದಲೇ ಮುತ್ಯಾನ ಬಾಯಿಂದ ಮಾತು ಬಂದಿರುತ್ತದೆ, ಆ ಪಾತ್ರದ ರವಿಶಂಕರ್ ಗೌಡ ಅದನ್ನು ಬರೀ ಪುನರುಚ್ಚರಿಸುತ್ತಾರೆ. ಇದನ್ನು ನಾನು ‘ಪೂರ್ವೋಚ್ಚಾರ’ ಎಂದು ಕರೆಯುತ್ತೇನೆ. ಇದರ ಗುರುಕುಲ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಅಲ್ಲಿ ಕಂಪನಿ ನಾಟಕಗಳ ಟೆಂಟು ವಾರಗಟ್ಟಲೆ ಕೀಳುವುದಿಲ್ಲ. ಒಂದೇ ನಾಟಕವನ್ನು ಬೆಳಗಿನ ಜಾವದವರೆಗೆ ನೋಡಿ, ಮರುದಿನ ಬೀಗರನ್ನು ಕರೆದುಕೊಂಡು ಮತ್ತೆ ಅದಕ್ಕೇ ಹೋದವರು ಇವರು. ಹಾಸ್ಯನಟ ಬರುವ ಹೊತ್ತಿಗೆ ಪಕ್ಕದವನ ತೊಡೆ ತಟ್ಟಿ “ಈಗ ನೋಡು” ಅನ್ನುವುದರಲ್ಲೇ ಟಿಕೆಟ್ಟಿನ ಅರ್ಧ ದುಡ್ಡು ವಸೂಲಿ. ಕತೆ ಏನಾಯಿತೆಂದು ತಿಳಿಯಲು ಹೋಗುವುದು ಕೋರ್ಟಿಗೆ. ನಾಟಕಕ್ಕೆ ಹೋಗುವುದು ತಿಳಿದದ್ದು ಆಗುವುದನ್ನು ನೋಡಲು.

ಇಳಕಲ್ಲಿನಲ್ಲಿ ಈ ಸಿದ್ಧಾಂತಕ್ಕೆ ಒಂದು ತಿದ್ದುಪಡಿ ಬೇಕಾಗುತ್ತದೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ಹಿರಿಯ ನೇಕಾರನಿಗೆ ಟಿವಿ ನೋಡುವ ವಸ್ತುವಲ್ಲ, ಕೇಳುವ ವಸ್ತು. ಕಣ್ಣು ಎಳೆಯ ಮೇಲೆ, ಕಿವಿ ಪಡಸಾಲೆಯ ಮೇಲೆ. ಹಾಗಾಗಿ ಬಾಳೆಹಣ್ಣಿನ ಸಿಪ್ಪೆ ತುಳಿದು ಬೀಳುವ ಹಾಸ್ಯಕ್ಕೆ ಅಲ್ಲಿ ಬೆಲೆಯಿಲ್ಲ, ಮಾತಿನ ಹಾಸ್ಯಕ್ಕಿದೆ. ಸೀರೆಯ ಒಡಲಿನ ಎಳೆಗೆ ಟೋಪ್ ತೆನಿ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವ ಹೊತ್ತಿನಲ್ಲಿ ಮಾತ್ರ ಮನೆಯಲ್ಲಿ ಯಾರೂ ಟಿವಿ ಹಚ್ಚುವುದಿಲ್ಲ. ನಗು ಬಂದು ಕೈ ಅದುರಿದರೆ ಸೆರಗು ಹೋಯಿತು.

ಬಾಗಲಕೋಟೆಯದು ಇನ್ನೊಂದು ದುಃಖ. ಆಲಮಟ್ಟಿಯ ಹಿನ್ನೀರಿಗೆ ಊರು ಮುಳುಗಡೆಯಾದಾಗ ಮನೆಗೆ, ಗಿಡಕ್ಕೆ ಬೆಲೆ ಕಟ್ಟಿದರು. ಹಳೆಯ ಓಣಿಯಲ್ಲಿ ಒಂದು ಟಿವಿಗೆ ನಾಲ್ಕು ಮನೆಯವರು ನಗುತ್ತಿದ್ದರಲ್ಲ, ಅದಕ್ಕೆ ಯಾವ ಕಾಲಮ್ಮೂ ಇರಲಿಲ್ಲ. ನವನಗರದಲ್ಲಿ ರಸ್ತೆ ಅಗಲ, ಕಂಪೌಂಡು ಎತ್ತರ, ಮನೆಗೆ ಸೆಕ್ಟರ್ ನಂಬರು. ಒಬ್ಬರೇ ಕೂತು ‘ಪಾಪಾ ಪಾಂಡು’ ನೋಡುವ ನಿವೃತ್ತರು ನಗುವ ಮೊದಲು ಒಮ್ಮೆ ಬಾಗಿಲ ಕಡೆ ನೋಡುತ್ತಾರೆ, ಯಾರಾದರೂ ಬಂದರೇನೋ ಎಂದು. ಸೌಂಡು ಏರುವುದು ಆಗಲೇ.

ಭರತಮುನಿ ನಗೆಯಲ್ಲಿ ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆ ಹೇಳಿದ. ಹುನಗುಂದದ ಒಂದು ಮನೆಯಲ್ಲಿ ನಾನು ಏಳನೆಯದನ್ನು ಕಂಡೆ. ಶ್ರೀಮತಿಯ ಕೈಗೆ ಪಾಂಡು ಸಿಕ್ಕಿಬಿದ್ದಾಗ ಅಜ್ಜಿ ಅತಿಹಸಿತಕ್ಕೆ ಹೋಗುತ್ತಾಳೆ, ಅಜ್ಜ ಆಕೆಯ ಮುಖ ನೋಡಿ, ಅನುಮತಿ ಇದೆಯೆಂದು ಖಾತ್ರಿಯಾದ ಮೇಲೆ ತಡವಾಗಿ ನಗುತ್ತಾನೆ. ಸಂಸ್ಕೃತದಲ್ಲಿ ಇದಕ್ಕೆ ಹೆಸರಿಲ್ಲ. ಭರತಮುನಿಗೆ ಸಂಸಾರವಿರಲಿಲ್ಲವೇನೋ.

ಹೀಗೆ ಧಾರಾವಾಹಿ ನೋಡುವುದು ವ್ಯಸನವೇ ಎಂಬ ಆಕ್ಷೇಪಕ್ಕೂ ಉತ್ತರಿಸಬೇಕು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ಕುಡಿತ, ತಂಬಾಕುಗಳನ್ನು ಭಿಕ್ಷೆ ಬೇಡಿದರು. ಅವರ ಹುಟ್ಟಿದ ದಿನ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಗೆ ಬೀಡಿ ಬಿತ್ತು, ಗುಟ್ಕಾ ಬಿತ್ತು. ರಿಮೋಟು ಬಿದ್ದ ವರದಿ ಈ ಸಂಶೋಧಕನಿಗೆ ಸಿಕ್ಕಿಲ್ಲ. ‘ಸೈಟ್’ ಶುರುವಾದದ್ದೂ ಆಗಸ್ಟ್ 1ಕ್ಕೇ ಎಂಬುದನ್ನು ಮುತ್ಯಾನ ಪರ ವಕೀಲರು ಗಮನಿಸಬಹುದು.

ಸಂಜೆ ಏಳಕ್ಕೆ ಸೊಸೆಯ ಸೀರಿಯಲ್ಲು ಶುರುವಾದರೆ ಅಧಿಕಾರ ಹಸ್ತಾಂತರ. ಮುತ್ಯಾ ಎದ್ದು ಹೊರಗೆ ಕಟ್ಟೆಗೆ ಬರುತ್ತಾನೆ, ಮೊಮ್ಮಗ ಮೊಬೈಲಿನಲ್ಲಿ ಹಳೆಯ ಕಂತು ಹುಡುಕಿಕೊಡುತ್ತಾನೆ, ಎದುರು ಮನೆಯ ಗೆಳೆಯ ಚುರುಮುರಿಯ ಪೊಟ್ಟಣ ಹಿಡಿದು ಪಕ್ಕದಲ್ಲಿ ಕೂಡುತ್ತಾನೆ. ಅಲ್ಲಿ ದಾಖಲಿಸಿಕೊಂಡ ಸಂವಾದ ಇದು:

“ಈಗ ನೋಡಲೇ, ಪಾಂಡು ಏನಂತಾನ...”

“ಹೇಳಬ್ಯಾಡೋ ಮಾರಾಯಾ!”

“ಯಾಕ, ನಿನಗ ಗೊತ್ತಿಲ್ಲೇನು?”

“ಗೊತ್ತೈತಿ. ನಿನ್ನೆ ನೀ ಹೇಳೀದಿ, ಇವತ್ತು ನನ್ನ ಪಾಳಿ.”