ಕಪ್ಪೆಯನ್ನೂ ತಿದ್ದಿಬಿಡಿ

ಹಳೆಯ ವೈಜ್ಞಾನಿಕ ಧಾರಾವಾಹಿಗಳನ್ನು ರೀಮಾಸ್ಟರ್ ಮಾಡುವ ಮಹನೀಯರಿಗೆ ನಮ್ಮ ಅರಸೀಕೆರೆ ಸೀಮೆಯಲ್ಲಿ ಇನ್ನೂ ಒಂದು ಸನ್ಮಾನವೂ ಆಗಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗದ ಸಾಧಕರು ನಮ್ಮ ಕಡೆ ಇವರೊಬ್ಬರೇ ಇರಬೇಕು. ಆ ಕೊರತೆಯನ್ನು ನೀಗಿಸಲು ಈ ನಾಲ್ಕು ಮಾತು.

ಇವರ ಸಾಧನೆ ಸಣ್ಣದಲ್ಲ. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ನಲ್ಲಿ ಬಾಹ್ಯಾಕಾಶದಲ್ಲಿ ತೇಲುತ್ತಿದ್ದದ್ದು ಮನುಷ್ಯರು ಕೈಯಾರೆ ಮಾಡಿದ ಹನ್ನೊಂದು ಅಡಿಯ ಮಾದರಿ ಹಡಗು. 2006ರಲ್ಲಿ ಅದನ್ನು ತೆಗೆದು ಕಂಪ್ಯೂಟರಿನ ಹಡಗು ತೇಲಿಸಿದರು. ನಟರನ್ನು ಮಾತ್ರ ಹಾಗೇ ಬಿಟ್ಟರು, ದಾಕ್ಷಿಣ್ಯ ಇದ್ದೀತು. ಕೆಲಸಕ್ಕೆ ಬಾರದ ಆ ಮಾದರಿಯನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದವರು ಯಾಕೋ ಜೋಪಾನ ಮಾಡಿಕೊಂಡು ಕೂತಿದ್ದಾರೆ.

ಅದೇ ಮನೆತನದ ‘ನೆಕ್ಸ್ಟ್ ಜನರೇಷನ್’ ವಿಷಯದಲ್ಲಿ ಮಾತ್ರ ನಿರಾಸೆಯಾಯಿತು. ಅದನ್ನು ಚಿತ್ರೀಕರಿಸಿದ್ದು 35 ಎಂಎಂ ಫಿಲ್ಮಿನಲ್ಲಿ, ಜೋಡಿಸಿದ್ದು ವಿಡಿಯೋ ಟೇಪಿನಲ್ಲಿ. 2012ರಲ್ಲಿ ಬ್ಲೂ-ರೇ ತರುವಾಗ ಮೂಲ ನೆಗೆಟಿವ್‌ಗಳನ್ನು ಹುಡುಕಿ ತೆಗೆದು, ಒಂದೊಂದೇ ಶಾಟನ್ನು ಮೊದಲಿನಿಂದ ಜೋಡಿಸಿ, ಹೆಚ್ಚಿನಂಶ ಇದ್ದದ್ದನ್ನೇ ತೊಳೆದು ತೋರಿಸಿದರು. ಇಷ್ಟೆಲ್ಲ ಮೈಮುರಿದೂ ತಮ್ಮದೊಂದು ಗುರುತು ಉಳಿಸದಿದ್ದರೆ ಅದು ಸುಧಾರಣೆ ಹೇಗಾದೀತು?

ಸುಧಾರಣೆ ಎಂದರೆ ನಮ್ಮವರದ್ದು. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಬಂತು. ಹರಿಶ್ಚಂದ್ರ ಪ್ರಾಣ ಹೋದರೂ ಸುಳ್ಳು ಹೇಳುವವನಲ್ಲ. ಅವನ ಪಂಚೆಯ ಬಣ್ಣವನ್ನು ಕಂಪ್ಯೂಟರ್ ಹೇಳಿದ್ದರಿಂದ ಅವನ ವ್ರತಕ್ಕೂ ಭಂಗವಿಲ್ಲ.

ಇನ್ನು ನಮ್ಮ ದೂರದರ್ಶನದ ಪಾಲು. ಎಂಬತ್ತರ ದಶಕದ ಕೊನೆಯ ‘ಸ್ಪೇಸ್ ಸಿಟಿ ಸಿಗ್ಮಾ’, 1998ರ ‘ಕ್ಯಾಪ್ಟನ್ ವ್ಯೋಮ್’ ನೋಡಿ ಬೆಳೆದವರು ಈ ಊರುಗಳಲ್ಲಿ ಈಗಲೂ ಸಿಗುತ್ತಾರೆ. ತಾರಸಿಯ ಮೇಲೆ ಅಣ್ಣ ಆಂಟೆನಾ ಹಿಡಿದು “ಬಂತೇನೋ?” ಎಂದು ಕೂಗಬೇಕು, ಕೆಳಗಿನಿಂದ ತಮ್ಮ “ಬಂತು ಬಂತು... ಹೋಯ್ತು ಕಣಣ್ಣೋ, ಇನ್ನೊಂಚೂರು ತಿರುಗ್ಸು” ಅನ್ನಬೇಕು. ಪರದೆಯ ತುಂಬ ಬಿಳಿ ಚುಕ್ಕಿಗಳು. ಅವುಗಳಲ್ಲಿ ನಕ್ಷತ್ರ ಯಾವುದು, ಸಿಗ್ನಲ್ಲಿನ ಬಡತನ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ಇಂಥ ಅಭಿಮಾನಿಗಳೇ ಇವತ್ತು “ಚುಕ್ಕಿಗಳನ್ನೆಲ್ಲ ಅಳಿಸಿ, ಫೋರ್-ಕೆ ಮಾಡಿ” ಎನ್ನುವುದು. ಅಳಿಸಿದರೆ ಆಕಾಶದ ಅರ್ಧ ನಕ್ಷತ್ರಗಳೂ ಹೋಗುತ್ತವೆ. ಹೋಗಲಿ ಬಿಡಿ, ಮುಖವಂತೂ ಮೇಣ ಸವರಿದಷ್ಟು ನುಣ್ಣಗೆ ಬರುತ್ತದೆ.

ಹಳೆಯ ಚೌಕ ಚಿತ್ರವನ್ನು ಈಗಿನ ಅಗಲ ಟಿವಿಗೆ ಹೊಂದಿಸಲು ಮೇಲಷ್ಟು ಕೆಳಗಷ್ಟು ಕತ್ತರಿಸುವ ಪದ್ಧತಿಯೂ ಉಂಟು. ತಲೆ ಹೋಯಿತು, ಕಾಲು ಹೋಯಿತು ಎಂದು ಕೆಲವರು ಗೊಣಗುತ್ತಾರೆ. ಹಳೇಬೀಡಿನವರಿಗೆ ಇದು ಹೊಸತಲ್ಲ. ಹದಿನಾಲ್ಕನೇ ಶತಮಾನದಲ್ಲೇ ದಿಲ್ಲಿಯ ಸೈನ್ಯ ಬಂದು ಆ ಊರನ್ನು ಈ ಕ್ರಮದಲ್ಲಿ ಸುಧಾರಿಸಿ ಹೋಗಿದೆ.

ಹಾಗಾಗಿ ನನ್ನದೊಂದು ಸೂಚನೆ: ಈ ಮಹನೀಯರನ್ನು ನೇರ ಇಲ್ಲಿಗೇ ಕರೆಸೋಣ. ಅರಸೀಕೆರೆಯ ಈಶ್ವರ ದೇವಾಲಯದಿಂದ ಶುರುವಾಗಲಿ. 1220ರ ಸುಮಾರಿನದು, ಹದಿನಾರು ಮೂಲೆಯ ನಕ್ಷತ್ರಾಕಾರದ ಅದರ ತೆರೆದ ಮಂಟಪ ಹಾರುವ ತಟ್ಟೆಯೊಂದು ತೆಂಗಿನ ತೋಟಗಳ ನಡುವೆ ಇಳಿದಂತಿದೆ. ನಾಲ್ಕು ದೀಪ ಮಿನುಗಿಸಿದರೆ ಸಾಕು. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಶಿಖರವಿಲ್ಲ, ಬೇಲೂರಿನ ಚೆನ್ನಕೇಶವನ ಶಿಖರವೂ ಉಳಿದಿಲ್ಲ; ಎರಡನ್ನೂ ಗ್ರಾಫಿಕ್ಸಿನಲ್ಲಿ ಏರಿಸಬಹುದು. ಶಿಖರವಿಲ್ಲದೆಯೇ 2023ರಲ್ಲಿ ಯುನೆಸ್ಕೊದವರು ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಅವಸರದ ಕೆಲಸ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ಹೆಸರು ಕೆತ್ತಿಕೊಂಡಿದ್ದಾರೆ. ಆ ಜಾಗದಲ್ಲಿ ರೀಮಾಸ್ಟರ್ ಮಾಡಿದ ಕಂಪನಿಯ ಲೋಗೋ ಚೆನ್ನಾಗಿ ಕೂರುತ್ತದೆ.

ಬಹುಮುಖ್ಯ ಕೆಲಸ ಬೇಲೂರಿನ ಕಪ್ಪೆ ಚೆನ್ನಿಗರಾಯನ ಮೂರ್ತಿಯದು. 1964ರಲ್ಲೇ ಬಣ್ಣದಲ್ಲಿ ಬಂದ ‘ಅಮರಶಿಲ್ಪಿ ಜಕಣಾಚಾರಿ’ಯ ಕಥಾನಾಯಕನ ದಂತಕಥೆ ನಿಮಗೆ ಗೊತ್ತೇ ಇದೆ. ಮೂರ್ತಿಗೆ ಗಂಧ ಬಳಿದರೆ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಉಳಿ ತಾಗಿಸಿದರೆ ನೀರು, ಮರಳು, ಜೊತೆಗೆ ಕಪ್ಪೆ. ತಪ್ಪು ಎತ್ತಿ ತೋರಿಸಿದ ಹುಡುಗ ಡಂಕಣಾಚಾರಿಯನ್ನು ನಾಡಿನ ಮೊದಲ ಅಭಿಮಾನಿ ಎನ್ನಬೇಕು. ಆದರೆ ಜಕಣಾಚಾರಿ ಅವಿವೇಕಿ. ತಪ್ಪಿದ್ದರೆ ಕೈ ಕಡಿದುಕೊಳ್ಳುತ್ತೇನೆ ಎಂದು ಆಡಿದ ಮಾತಿಗೆ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ. ಮೂರ್ತಿಯನ್ನು ಹಾಗೇ ಬಿಟ್ಟ. ಈಗಿನವರಾಗಿದ್ದರೆ ತೂತು ಮುಚ್ಚಿ, ಕಪ್ಪೆಯನ್ನು ಅಳಿಸಿ, “ಶಿಲ್ಪಿಯ ಮೂಲ ಆಶಯ ಇದೇ ಆಗಿತ್ತು” ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸುತ್ತಿದ್ದರು. ಗೈಡುಗಳಿಗೆ ಹೇಳಲು ಕಥೆ ಇರುತ್ತಿರಲಿಲ್ಲ, ನಿಜ. ಪ್ರವಾಸಿಗರಿಗೆ ಸಮಯ ಉಳಿಯುತ್ತಿತ್ತು.

ಒಂದೇ ಒಂದು ಎಚ್ಚರಿಕೆ. ಹೊಸದು ಬಂದ ಮೇಲೂ ಹಳೆಯದು ಕಣ್ಣಿಗೆ ಬಿದ್ದರೆ ಜನ ಹೋಲಿಸಲು ಶುರುಮಾಡುತ್ತಾರೆ. ಇದನ್ನು ಬಲ್ಲ ಬಿಬಿಸಿಯವರು ‘ಡಾಕ್ಟರ್ ಹೂ’ ಧಾರಾವಾಹಿಯ ಅರವತ್ತರ ದಶಕದ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿದರು. 90ಕ್ಕೂ ಹೆಚ್ಚು ಕಂತುಗಳು ಈಗಲೂ ಸಿಕ್ಕಿಲ್ಲ. ಆದರೂ ಕೆಲವು ಅಭಿಮಾನಿಗಳು ಮನೆಯಲ್ಲಿ ಟಿವಿ ಮುಂದೆ ಮೈಕು ಹಿಡಿದು ಧ್ವನಿ ಮುದ್ರಿಸಿಕೊಂಡು ಇಡೀ ಶ್ರಮಕ್ಕೆ ಕಲ್ಲು ಹಾಕಿದರು. ಅರಸೀಕೆರೆಯಲ್ಲೋ ಬೇಲೂರಿನಲ್ಲೋ ನಿಮ್ಮ ಅಟ್ಟದ ಮೇಲೆ ದೂರದರ್ಶನದ ಹಳೆಯ ಧಾರಾವಾಹಿಯ ವಿಡಿಯೋ ಕ್ಯಾಸೆಟ್ ಇದ್ದರೆ, ದಯವಿಟ್ಟು ಅಂಥ ಕೆಲಸ ಮಾಡಬೇಡಿ. ಮಕ್ಕಳ ಕಣ್ಣಿಗೆ ಬೀಳುವ ಮೊದಲೇ ಗುಜರಿಗೆ ಹಾಕಿ.