ಸೊಳ್ಳೆ ಎತ್ತಂಗಡಿ ಮೀಮಾಂಸೆ

ಗುಡಾರದಿಂದ ಓಡಿಸಿದ ಸೊಳ್ಳೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ. ಮೈಗೆ ಹಚ್ಚುವ ಮುಲಾಮು ಹಚ್ಚಿಕೊಂಡವನ ಚರ್ಮವನ್ನಷ್ಟೇ ಕಾಯುತ್ತದೆ. ಟ್ರಾನ್ಸ್‌ಫ್ಲುಥ್ರಿನ್, ಮೆಟೊಫ್ಲುಥ್ರಿನ್‌ಗಳಾದರೋ ಬೆಂಕಿ, ಕರೆಂಟು ಯಾವುದನ್ನೂ ಬೇಡದೆ, ತೂಗುಹಾಕಿದ ಹಾಳೆಯಿಂದ ತಾವಾಗಿಯೇ ಆವಿಯಾಗಿ ಸುತ್ತಲ ಜಾಗವನ್ನೇ ಸೊಳ್ಳೆಗೆ ಒಗ್ಗದಂತೆ ಮಾಡುತ್ತವೆ. ಇಂಥವನ್ನು ಪರೀಕ್ಷಿಸುವ ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ವಿವರಿಸಿದೆ. ಬಯಲಲ್ಲಿ ಕುರಿಮಂದೆಯ ಪಕ್ಕ ಗುಡಾರ ಹೂಡುವ ಚಳ್ಳಕೆರೆ ಸೀಮೆಯ ಕುರಿಗಾಹಿಗೆ ಇದಕ್ಕಿಂತ ತಕ್ಕ ಔಷಧವಿಲ್ಲವೆಂದು ತೋರುವುದು ಸಹಜ. ಧರ್ಮದ ಕಡೆಯಿಂದಲೂ ಅಡ್ಡಿಯಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಪ್ರಾಣಿದಯೆಯನ್ನು ಬೋಧಿಸುತ್ತವೆ. ಸೊಳ್ಳೆಯನ್ನು ಅದರಿಂದ ಹೊರಗಿಟ್ಟಂತೆ ಕಾಣುವುದಿಲ್ಲ. ಆದ್ದರಿಂದ ಕೊಲ್ಲದೆ ಓಡಿಸುವ ಔಷಧ ಶಾಸನಸಮ್ಮತ. ಅದೇ ಮಾತನ್ನು ಹತ್ತಿರಹತ್ತಿರದ ಮೂರು ಕಡೆ ಬಂಡೆಗೆ ಏರಿಸಿದವನು, ಪ್ರಯೋಗವೆಂದರೆ ಮೂರು ಸಲ ಮಾಡತಕ್ಕದ್ದೆಂಬ ನಿಯಮವನ್ನೂ ಬಲ್ಲವನೇ ಇರಬೇಕು (ಇತಿಹಾಸಕಾರರು ಇದನ್ನು ಒಪ್ಪಲಿಕ್ಕಿಲ್ಲ, ಅವರಿಗೆ ಕೀಟಶಾಸ್ತ್ರದ ಅಭ್ಯಾಸ ಕಡಿಮೆ).

ತೊಡಕಿರುವುದು ಲೆಕ್ಕದಲ್ಲಿ. ಎರಡು ಗುಡಾರ, ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಏನೂ ಇಲ್ಲ. ಎರಡರಲ್ಲೂ ಒಬ್ಬೊಬ್ಬ ಸ್ವಯಂಸೇವಕ ಮೊಣಕಾಲತನಕ ಪಂಚೆ ಎತ್ತಿ ಕೂತು, ಕಾಲ ಮೇಲೆ ಇಳಿದ ಸೊಳ್ಳೆಯನ್ನು ಅದು ಕಚ್ಚುವ ಮುನ್ನ ಕೊಳವೆಯಲ್ಲಿ ಹೀರಿ ಎಣಿಸುತ್ತಾನೆ. ಔಷಧವಿಲ್ಲದ ಕಡೆ 40, ಇರುವ ಕಡೆ 10 ಎಂದಿಟ್ಟುಕೊಳ್ಳೋಣ. ರಕ್ಷಣೆ ಶೇ 75. ಆದರೆ ಬಾಗಿಲಿಂದಲೇ ಹಿಂದೆ ಸರಿದ 30 ಸೊಳ್ಳೆಗಳು ಅಂದು ರಾತ್ರಿ ಏಕಾದಶಿ ಮಾಡಿದುವೆಂದು ನಂಬಲು ಆಧಾರವಿಲ್ಲ. ಅವು ಪಕ್ಕದ ಗುಡಾರದಲ್ಲಿ ಹಾಜರಿ ಹಾಕಿದರೆ ಅಲ್ಲಿನ ಲೆಕ್ಕ 70ಕ್ಕೇರುತ್ತದೆ, ಔಷಧದ ಕೀರ್ತಿ ಶೇ 85 ದಾಟುತ್ತದೆ. ಒಟ್ಟು ಸೊಳ್ಳೆ 80 ಇದ್ದದ್ದು ಎಂಬತ್ತೇ. ನೆರೆಯವನು ಹೆಚ್ಚು ಕಚ್ಚಿಸಿಕೊಂಡಷ್ಟೂ ಔಷಧ ಉತ್ತಮವೆಂದಾಯಿತು! ಇದಕ್ಕೆ ನಿವಾರಣೆ ಎನ್ನುವುದು ದಾಕ್ಷಿಣ್ಯದ ಮಾತು, ಇದು ಎತ್ತಂಗಡಿ. ದೂರು ಬಂದ ನೌಕರನನ್ನು ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ವರ್ಗ ಮಾಡಿ, ಚಳ್ಳಕೆರೆ ಕಚೇರಿ ಸುಧಾರಿಸಿತೆಂದು ವರದಿ ಬರೆದ ಹಾಗೆ. ಆದಕಾರಣ ಪರೀಕ್ಷೆಯ ಪಟ್ಟಿಯಲ್ಲಿ ನೆರೆಯವನಿಗೂ ಒಂದು ಕಾಲಂ ಇರಬೇಕೆಂಬುದು ಇಲ್ಲಿನ ಸಿದ್ಧಾಂತ.

ಆವಿ ಸೊಳ್ಳೆಯನ್ನು ಓಡಿಸುವುದಷ್ಟೇ ಅಲ್ಲ, ಕೆಡವುತ್ತದೆ, ಕಚ್ಚುವ ಚಪಲವನ್ನೂ ಕುಂದಿಸುತ್ತದೆ ಎಂದು ಪೂರ್ವಪಕ್ಷದವರು ಹೇಳಬಹುದು. ಮುಚ್ಚಿದ ಕೋಣೆಯ ಮಟ್ಟಿಗೆ ಒಪ್ಪೋಣ. ಕುರಿಗಾಹಿಯ ಗುಡಾರ ಅಷ್ಟು ಮುಚ್ಚಿರುವುದಿಲ್ಲ, ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟ ಈ ಜಿಲ್ಲೆಯಲ್ಲಿ ಗಾಳಿಗೂ ಬಿಡುವಿಲ್ಲ. ಆಷಾಢದ ನೈರುತ್ಯದ ಗಾಳಿಗೆ ಚಳ್ಳಕೆರೆಯಲ್ಲಿ ತೂಗುಹಾಕಿದ ಔಷಧ ಮೊಳಕಾಲ್ಮುರನ್ನು ಕಾಯಲು ಹೊರಡುತ್ತದೆ. ಅದರಾಚೆ ರಾಯದುರ್ಗ, ಆಂಧ್ರಪ್ರದೇಶ. ಗಡಿ ದಾಟಿದ ಸೊಳ್ಳೆ ಯಾವ ರಾಜ್ಯದ ಪಾಲೆಂಬುದನ್ನು ನ್ಯಾಯಮಂಡಳಿಗೆ ಬಿಡುವುದೇ ಕ್ಷೇಮ. ಗುಡಾರಗಳನ್ನು ದೂರದೂರ ಹಾಕಿದರೆ ಆಯಿತಲ್ಲ ಎಂಬುದು ಇನ್ನೊಂದು ವಾದ. ಆಗ ಒಂದು ಗುಡಾರ ರಾಣಿಕೆರೆಯ ದಂಡೆಗೂ ಇನ್ನೊಂದು ಒಣ ಕಾವಲಿಗೂ ಬಿದ್ದು, ಹೋಲಿಕೆಯೇ ಕೆಡುತ್ತದೆ. ಇದಕ್ಕೆ ಪರಿಹಾರವೆಂದು ಗುಡಾರ, ಔಷಧ, ಮನುಷ್ಯ ಮೂರನ್ನೂ ದಿನಕ್ಕೊಂದು ಕಡೆ ಅದಲುಬದಲು ಮಾಡಬೇಕೆನ್ನುತ್ತಾರೆ. ಆದರೆ ಮಂದೆ ಎಲ್ಲಿ ತಂಗಬೇಕೆಂದು ಗೊತ್ತುಮಾಡುವವನು ಗೊಬ್ಬರ ಬೇಕಾದ ಹೊಲದವನು, ಸಂಖ್ಯಾಶಾಸ್ತ್ರಜ್ಞನಲ್ಲ. ಬೇಸಿಗೆಯಲ್ಲಿ ಇನ್ನೂ ಕಷ್ಟ. ಔಷಧವಿಲ್ಲದ ಗುಡಾರಕ್ಕೂ ಒಂದೂ ಸೊಳ್ಳೆ ಬಾರದಿದ್ದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಬರಗಾಲಕ್ಕೆ ಶೇಕಡಾವಾರು ಕಟ್ಟುವ ಗಣಿತ ಇನ್ನೂ ಹುಟ್ಟಿಲ್ಲ. ಇನ್ನು ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆಯ ಪಕ್ಷಪಾತಿಗಳಿದ್ದಾರೆ. ಹೊಗೆ ದಟ್ಟವಾದರೆ ಸೊಳ್ಳೆಗಿಂತ ಮೊದಲು ಮನುಷ್ಯ ಹೊರಬೀಳುತ್ತಾನೆ. ಗುಡಾರದೊಳಗೆ ಕಚ್ಚಿಸಿಕೊಂಡವರು ಯಾರೂ ಇಲ್ಲದ ಕಾರಣ ರಕ್ಷಣೆ ಪೂರ್ತಿ ನೂರು.

ಎತ್ತಂಗಡಿ ಹೇಗೂ ತಪ್ಪದು ಎಂದಮೇಲೆ ದನದ ಮೇಲಕ್ಕೇ ಆಗಲಿ ಎಂಬ ವಾದ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ನಮ್ಮ ಹಳ್ಳಿಗಾಡಿನ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆಗೆ ಮನುಷ್ಯನಿಗಿಂತ ದನದ ರಕ್ತವೇ ಹೆಚ್ಚು ಇಷ್ಟ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಈ ಲೆಕ್ಕದಲ್ಲಿ ಹಾಳೆ, ಆವಿ ಯಾವುದರ ಖರ್ಚೂ ಇಲ್ಲದೆ ರಕ್ಷಿತ. ಆದರೆ ಪರೀಕ್ಷೆಯ ನಿಯಮದ ಪ್ರಕಾರ ಕಚ್ಚಿಸಿಕೊಳ್ಳುವವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ದೇವರ ಎತ್ತಿನ ಪರವಾಗಿ ಸಹಿ ಹಾಕುವ ಅಧಿಕಾರ ಕಿಲಾರಿಯದೋ, ಹಟ್ಟಿಯ ಯಜಮಾನರದೋ, ದೇವರದೋ ಎಂಬುದು ಇತ್ಯರ್ಥವಾಗುವ ತನಕ ಆ ಕಾಲಂ ಖಾಲಿ ಬಿಡತಕ್ಕದ್ದು.