ಪಾರ್ಕ್‌ಲ್ಯಾಂಡ್ಸ್‌ನ ದೂರದರ್ಶನ ಪುರೋಹಿತರು

ನೈರೋಬಿಯ ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್ ಬಡಾವಣೆಗಳ ಕನ್ನಡ ಮನೆಗಳಲ್ಲಿ ಕಾಣಸಿಗುವ ಗೃಹಸ್ಥರ ಒಂದು ವರ್ಗವನ್ನು ದೂರದರ್ಶನ ಪುರೋಹಿತರು ಎಂದು ಕರೆಯಬಹುದು. ಎಂದರೆ, 1980ರ ದಶಕದಲ್ಲಿ ತಾವು ರಜೆಯ ದಿನಗಳಲ್ಲಿ ಕಪ್ಪು-ಬಿಳುಪು ಪರದೆಯ ಮೇಲೆ ಕಂಡದ್ದನ್ನು ತಮ್ಮ ಮಕ್ಕಳೂ ಅದೇ ಕ್ರಮದಲ್ಲಿ, ಅದೇ ಭಕ್ತಿಯಿಂದ, ಸಾಧ್ಯವಾದರೆ ಅಂಥದೇ ಚಾಪೆಯ ಮೇಲೆ ಕುಳಿತು ಕಾಣಬೇಕೆಂದು ಹಟ ಹಿಡಿಯುವ ತಂದೆಯರು. ಕಚೇರಿಯಲ್ಲಿ ಇವರು ಮಿತಭಾಷಿಗಳು, ನೆರೆಹೊರೆಗೆ ಉಪಕಾರಿಗಳು. ಆದರೆ ರಿಮೋಟ್ ಕೈಗೆ ಬಂದೊಡನೆ ಮಂತ್ರ, ತಂತ್ರ, ಸಂಕಲ್ಪಗಳೆಲ್ಲ ಶುರುವಾಗುತ್ತವೆ.

ಇವರ ಮೊದಲ ತೊಡಕು ಪಂಚಾಂಗದ್ದು. ಕೀನ್ಯಾದ ಶಾಲಾವರ್ಷ ಜನವರಿಯಲ್ಲಿ ಆರಂಭವಾಗಿ ರಜೆಗಳು ಏಪ್ರಿಲ್, ಆಗಸ್ಟ್ ಮತ್ತು ವರ್ಷದ ಕೊನೆಯಲ್ಲಿ ಬರುವುದರಿಂದ ದಸರಾ ರಜೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಮೇಲಾಗಿ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದಿರುವುದರಿಂದ ಮೈಸೂರಿನಲ್ಲಿ ಮಧ್ಯಾಹ್ನ ಜಂಬೂಸವಾರಿ ಹೊರಡುವ ಹೊತ್ತಿಗೆ ಮಕ್ಕಳು ತರಗತಿಯಲ್ಲಿರುತ್ತಾರೆ. ಸಂಜೆ ಅದನ್ನೇ ಹುಡುಕಿ ಹಾಕಿ, ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತು ಬನ್ನಿಮಂಟಪದತ್ತ ನಡೆಯುವ ಆನೆಯನ್ನು ಕಂಡು ಮಕ್ಕಳ ಮೈ ಜುಮ್ಮೆನ್ನಲಿ ಎಂದು ಕಾಯುವ ತಂದೆಗೆ, ಅಂಬೋಸೆಲಿಯಲ್ಲಿ ಹಿಂಡುಗಟ್ಟಲೆ ಆನೆ ಕಂಡ ಮಗಳು ಕೇಳುವುದು ಒಂದೇ: "ಅಪ್ಪಾ, ಪಾಪ, ಇದರ ಕಿವಿ ಯಾಕೆ ಇಷ್ಟು ಚಿಕ್ಕದು?" ಏಷ್ಯಾದ ಆನೆಗೆ ಆಫ್ರಿಕಾದ ಆನೆಗಿಂತ ಚಿಕ್ಕ ಕಿವಿ ಎಂಬ ಪ್ರಾಣಿಶಾಸ್ತ್ರದ ಸತ್ಯ ಆ ಗಳಿಗೆಯಲ್ಲಿ ಇಡೀ ಒಡೆಯರ ವಂಶಕ್ಕಾದ ಅವಮಾನದಂತೆ ಕೇಳಿಸುತ್ತದೆ.

1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರದ ಬೆಳಗುಗಳನ್ನು ಆಳಿದ ರಮಾನಂದ ಸಾಗರರ ರಾಮಾಯಣವನ್ನೂ ಇವರು ಬಿಡುವುದಿಲ್ಲ. ಆದರೆ ಇವರ ಕುಲದೈವ, ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಮಾಲ್ಗುಡಿ ಡೇಸ್. ಕನ್ನಡದ ನೆಲದಲ್ಲಿ ಕನ್ನಡಿಗರು ಕಟ್ಟಿದ ಈ ಧಾರಾವಾಹಿ ಮನೆಮನೆಗೆ ಬಂದದ್ದು ಹಿಂದಿಯಲ್ಲಿ. ಇಂಗ್ಲಿಷ್ ಮತ್ತು ಸ್ವಾಹಿಲಿ ಕಲಿತ ಮಕ್ಕಳಿಗೆ ಹಿಂದಿ ತಿಳಿಯದು, ತಂದೆಗೂ ಆ ವಯಸ್ಸಿನಲ್ಲಿ ತಿಳಿದಿರಲಿಲ್ಲ. ಆದ್ದರಿಂದ ಅವರು ಪ್ರತಿ ಮಾತಿಗೂ ಭಾಷ್ಯ ಬರೆಯುತ್ತ, "ಈಗ ನೋಡಿ, ಈಗ ಬರ್ತಾನೆ ನೋಡಿ" ಎಂದು ಮುಂದಿನ ದೃಶ್ಯವನ್ನು ಮೊದಲೇ ಹೇಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಬಾಯಿ ತೆರೆಯುವ ಮೊದಲೇ ತಾವು ನಕ್ಕು, ಮಕ್ಕಳು ನಕ್ಕರೋ ಇಲ್ಲವೋ ಎಂದು ಪರದೆಗೆ ಬೆನ್ನು ಹಾಕಿ ಪರೀಕ್ಷಿಸುತ್ತಾರೆ. ಅತಿಥಿಗಳಿಗೂ ವಿನಾಯಿತಿಯಿಲ್ಲ, ಪ್ರಸ್ತುತ ಲೇಖಕರೂ ಆ ಚಾಪೆಯ ಅಂಚಿನಲ್ಲಿ ಕಾಲು ಜೋಮು ಹಿಡಿಸಿಕೊಂಡು, ನಗಬೇಕಾದಲ್ಲೆಲ್ಲ ಹೆದರಿ ನಕ್ಕವರೇ.

ಇಂಥವರೊಬ್ಬರ ಮನೆಯಲ್ಲಿ ಒಂದು ಏಪ್ರಿಲ್ ಸಂಜೆ, ಅವರು ಬೇಸಿಗೆ ರಜೆ ಎನ್ನುವ, ನೈರೋಬಿಯಲ್ಲಿ ಮಾತ್ರ ದೊಡ್ಡ ಮಳೆಗಾಲವಾದ ಆ ದಿನಗಳಲ್ಲಿ, ಕಥೆ ಕುತೂಹಲದ ಘಟ್ಟ ತಲುಪಿದಾಗ ದೀಪ ಆರಿತು. ಟೋಕನ್, ಅಂದರೆ ಮುಂಗಡ ಹಣ ಕಟ್ಟಿ ಪಡೆದು ಮೀಟರಿಗೆ ಒತ್ತಬೇಕಾದ 20 ಅಂಕಿಗಳ ಸಂಖ್ಯೆಯ ವಿದ್ಯುತ್ತು, ಮುಗಿದಿತ್ತು. ಮನೆಯಾಕೆ ಮೊಬೈಲ್ ಹಣದ ವ್ಯವಸ್ಥೆಯಾದ ಎಂ-ಪೆಸಾದಲ್ಲಿ ಹಣ ಕಟ್ಟಲು ಹೊರಟರೆ, ಪುರೋಹಿತರ ಮುಖ ಕತ್ತಲಲ್ಲೂ ಅರಳಿತು. ಹೀಗೆಯೇ, ಸರಿಯಾಗಿ ಇಂಥ ಹೊತ್ತಿನಲ್ಲೇ ಊರಿನಲ್ಲಿ ಕರೆಂಟು ಹೋಗುತ್ತಿದ್ದುದನ್ನು, ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ ಚಿಕ್ಕಪ್ಪನನ್ನು, ಕೆಳಗಿನಿಂದ "ಬಂತು, ಹೋಯ್ತು" ಎಂದು ಕೂಗುತ್ತಿದ್ದ ಅಜ್ಜಿಯನ್ನು ಅವರು ವರ್ಣಿಸಿದರು. ಮಕ್ಕಳು ಅವರ ಹತ್ತಿರಕ್ಕೆ ಸರಿದರು. "ಹಾಗಾದ್ರೆ ಕೊನೆಗೆ ಏನಾಯ್ತು ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?" ಎಂದ ಮಗ. "ಕರೆಂಟಿದ್ದ ಊರಿನವರನ್ನು ಮರುದಿನ ಕೇಳ್ತಿದ್ವಿ; ಒಬ್ಬೊಬ್ಬರು ಒಂದೊಂದು ಹೇಳ್ತಿದ್ರು" ಎಂದರು ತಂದೆ. ಅಂದು ಸಂಜೆ ಭಾಷ್ಯವಿಲ್ಲದೆ ಸಾಗಿದ ಮಾತು ಇದೊಂದೇ. ಮಕ್ಕಳು ಮತ್ತೆ ಮತ್ತೆ ಕೇಳಿದ್ದೂ ಇದನ್ನೇ.

ಅಷ್ಟರಲ್ಲಿ ಅಂಕಿಗಳನ್ನು ಒತ್ತಿದ್ದಾಯಿತು, ದೀಪ ಬಂತು. ಧಾರಾವಾಹಿಯೂ ನಿಂತ ಜಾಗದಿಂದಲೇ, ಒಂದು ಮಾತೂ ತಪ್ಪದಂತೆ, ಮುಂದುವರಿಯಲು ಅಣಿಯಾಗಿ ನಿಂತಿತ್ತು. ಪುರೋಹಿತರಿಗೆ ಅದು ಅಶಾಸ್ತ್ರೀಯವೆನಿಸಿತು. ಮಕ್ಕಳ ಗೋಗರೆತವನ್ನು ಲೆಕ್ಕಿಸದೆ ಅವರು ಮೊದಲಿನಿಂದ, ಶೀರ್ಷಿಕೆ ಸಂಗೀತದಿಂದಲೇ, ಮತ್ತೆ ಹಾಕಿದರು.